ಚಾಕ್‌ಪೀಸಿನ ಸೊನ್ನೆ

"ಎಲ್ಲಾ ಬಿಚ್ಚಾಕ್ರಿ," ಅಂದ ಜುಂಜೇಶ.

ಉಷಾರಾಣಿಗೆ ತಕ್ಷಣ ಅರ್ಥವಾಗಲಿಲ್ಲ. ಹಿರಿಯೂರಿನ ಹೆದ್ದಾರಿ ಪಕ್ಕದ ವೆಲ್ಡಿಂಗ್ ಶಾಪಿನ ಬಾಗಿಲಲ್ಲಿ ಚಾಕ್‌ಪೀಸು ಹಿಡಿದು ನಿಂತೇ ಇದ್ದಳು. ಇಪ್ಪತ್ತೆರಡು ದಿನದಿಂದ ಈ ಜೀಪಿನ ಸದ್ದಿಗೆ ಕಿವಿಗೊಟ್ಟು ಕೂತವಳು ಅವಳು. ಜೀಪೇನೋ ಬಂತು. ಇಳಿದವನ ಮುಖ ಬತ್ತಿಹೋಗಿತ್ತು, ಗಡ್ಡ ಬೆಳೆದಿತ್ತು, ಕಣ್ಣು ಅವಳ ಕಡೆ ತಿರುಗಲಿಲ್ಲ.

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾನೂ. ಗಾರ್ಡು, ಕ್ಯಾರಿಯರ್ರು, ಕ್ಯಾನ್ ಸ್ಟ್ಯಾಂಡು, ಮರಿ ಗೂಡು. ನೀವು ಏನೇನ್ ಮಾಡಿ ಹಾಕಿದ್ರೋ ಅಷ್ಟೂ. ಮಿಲ್ಟ್ರಿಯೋರು ಹರಾಜಿಗೆ ಬಿಟ್ಟಾಗ ಹೆಂಗಿತ್ತೋ ಹಂಗೆ ಆಗ್ಬೇಕು."

ಗೊತ್ತಾಗಿಬಿಟ್ಟಿದೆ ಇವನಿಗೆ, ಅಂದುಕೊಂಡಳು.

ಒಳಗಿಂದ ಅಪ್ಪ ಚಿತ್ರಲಿಂಗಪ್ಪ ಕಣ್ಣುಜ್ಜಿಕೊಳ್ಳುತ್ತ ಬಂದರು. ಮೂವತ್ತು ವರ್ಷ ವೆಲ್ಡಿಂಗ್ ಬೆಳಕು ಕುಡಿದ ಕಣ್ಣು. ಈಗ ಎದುರಿಗಿರುವವರ ಗುರುತು ದನಿಯಿಂದಲೇ ಹಿಡಿಯಬೇಕು. "ಕುಂತ್ಕಳಪ್ಪ ಜುಂಜೇಶ. ಅವ್ವನ ಸುದ್ದಿ ಕೇಳಿ ಹೊಟ್ಟೆಗೆ ಬೆಂಕಿ ಬಿದ್ದಂಗಾತು. ಕಾಲು ಜಾರಿ ಬಿದ್ರಂತೆ?"

"ಹೂಂ," ಅಂದ ಅವನು. "ಕಾಲು ಜಾರ್ತು."

ಉಷಾರಾಣಿ ಜೀಪಿನ ಎಡಮಗ್ಗುಲಿಗೆ ನೋಡಿದಳು. ಬಾಗಿಲ ಕೆಳಗೆ ಕಾಲಿಟ್ಟು ಹತ್ತುವ ಫುಟ್‌ಬೋರ್ಡ್ ಇರಲಿಲ್ಲ.

*

ಆ ಜೀಪು ಮೊದಲ ಸಲ ಬಂದದ್ದು ತೊಂಬತ್ತೆಂಟರ ಬೇಸಿಗೆಯಲ್ಲಿ. ಹರಿಯಬ್ಬೆ ಕಡೆಯ ಹಟ್ಟಿಯವನು ಜುಂಜೇಶ, ಕುರಿ ಸಾಕುವ ಮನೆಯವನು. ಹಟ್ಟಿಗೆ ರಸ್ತೆಯೇ ಇರಲಿಲ್ಲ. ಜಾಲಿ ಮುಳ್ಳು ದಾಟಿ, ಹಳ್ಳದ ಮರಳಿಗಿಳಿದು, ಕಲ್ಲಿನ ದಿಬ್ಬ ಹತ್ತಿಯೇ ಹೋಗಬೇಕು. ಮುಳ್ಳು ಹೊಡೆದು ಹೆಡ್‌ಲೈಟ್ ಒಡೆದಿತ್ತು, ಅದಕ್ಕೊಂದು ಜಾಲರಿ ಬೇಕಿತ್ತು.

ಚಿತ್ರದುರ್ಗದ ಐ.ಟಿ.ಐ.ನಲ್ಲಿ ಡ್ರಾಯಿಂಗ್ ಕಲಿತಿದ್ದ ಉಷಾರಾಣಿ ಕಾಗದ ಮುಟ್ಟುತ್ತಿರಲಿಲ್ಲ. ಶಾಪಿನ ಸಿಮೆಂಟ್ ನೆಲದ ಮೇಲೆ ವಸ್ತು ಎಷ್ಟಿರಬೇಕೋ ಅಷ್ಟೇ ದೊಡ್ಡದಾಗಿ ಚಾಕ್‌ಪೀಸಿನಲ್ಲಿ ಬರೆದು, ಅದರ ಮೇಲೇ ಕಬ್ಬಿಣ ಜೋಡಿಸಿ, ಅಲ್ಲಾಡದಂತೆ ಅಲ್ಲಲ್ಲಿ ಒಂದೊಂದು ಚುಕ್ಕೆ ವೆಲ್ಡಿಂಗ್ ಹಾಕುತ್ತಿದ್ದಳು. ಟ್ಯಾಕು ಅನ್ನುತ್ತಾರೆ ಅದಕ್ಕೆ. ಟ್ಯಾಕು ಬಿದ್ದ ಕಡೆಯೆಲ್ಲ ಚಾಕ್‌ಪೀಸಿನ ಒಂದು ಸೊನ್ನೆ. ಅಪ್ಪ ಆ ಸೊನ್ನೆ ಹುಡುಕಿಕೊಂಡು ಪೂರ್ತಿ ವೆಲ್ಡಿಂಗ್ ಎಳೆದು ಸೊನ್ನೆ ಒರೆಸುತ್ತಿದ್ದರು. ಸೊನ್ನೆ ಇಲ್ಲ ಅಂದರೆ ಕೆಲಸ ಮುಗಿಯಿತು, ಬಣ್ಣ ಹೊಡೆಯಬಹುದು. ಮಂಜುಗಣ್ಣಿನ ಮನುಷ್ಯನಿಗೆ ಆ ಬಿಳಿ ಸೊನ್ನೆಯೇ ಆಧಾರ.

"ಇದೇನ್ರಿ, ನನ್ ಜೀಪಿಗೆ ರಂಗೋಲಿ ಹಾಕ್ತಿದೀರಾ?" ಅಂದಿದ್ದ ಜುಂಜೇಶ, ಮೊದಲ ದಿನವೇ.

"ತುಳೀಬ್ಯಾಡ್ರಿ. ಅಳತೆ ಅಳಿಸಿದ್ರೆ ನಿಮ್ಮ ಜೀಪಿಗೆ ಮೆಳ್ಳಗಣ್ಣು ಬರ್ತದೆ."

"ಬರ್ಲಿ ಬಿಡ್ರಿ. ಸರಿಮಾಡಿಸ್ಕಳಕೆ ಇನ್ನೊಂದ್ಸಲ ಬಂದಂಗಾಗ್ತದೆ."

ಹೇಳಿದವನ ಕಿವಿ ಕೆಂಪಾಗಿತ್ತು. ಇವಳು ತಲೆ ತಗ್ಗಿಸಿ, ಸರಿಯಾಗೇ ಇದ್ದ ಗೆರೆಯನ್ನು ಒರೆಸಿ ಮತ್ತೆ ಎಳೆದಳು.

ಆಮೇಲೆ ಪ್ರತಿ ಸೋಮವಾರವೂ ಜೀಪಿಗೆ ಒಂದಲ್ಲ ಒಂದು ಬೇಕಾಯಿತು. ಬೋರ್‌ವೆಲ್ಲಿನ ಹಳೇ ಕೇಸಿಂಗ್ ಪೈಪು ಬಗ್ಗಿಸಿ ಮುಂದಕ್ಕೊಂದು ಗಾರ್ಡು. ಡ್ರಮ್ಮಿನ ತಗಡು ಕತ್ತರಿಸಿ ಮರಳಿಗೆ ಹಾಸುವ ಹಲಗೆ. ನೀರಿನ ಕ್ಯಾನಿಗೆ ಸ್ಟ್ಯಾಂಡು. ಎಳೇ ಕುರಿಮರಿ ಸಂತೆಗೆ ಒಯ್ಯಲು ಹಿಂದೆ ಮೆತ್ತನೆ ಅಂಚಿನ ಗೂಡು. ಗುಜರಿಯಿಂದ ಅವನು ಆರಿಸಿ ತರುವುದು, ಇವಳು ನೆಲದ ಮೇಲೆ ಬರೆಯುವುದು. ಸಂತೆಗೆ ಬಂದವರು ಆ ಜೀಪು ನೋಡಿ, ಇದ್ಯಾವ ಮದುವಣಗಿತ್ತಿನಪ್ಪಾ, ಇಷ್ಟೊಂದು ಒಡವೆ ಹೇರ್ಕೊಂಡೈತೆ ಅಂತ ನಗುತ್ತಿದ್ದರು.

ಪ್ರೀತಿಸುವವರಿಗೆ ಬುದ್ಧಿ ಇರುವುದಿಲ್ಲ ಅನ್ನುವವರು ಅನ್ನಲಿ. ಇವರಿಬ್ಬರಿಗೂ ಬೇಕಾದಷ್ಟು ಬುದ್ಧಿ ಇತ್ತು, ಅದರಿಂದಲೇ ಮನೆ ಹಾಳಾಯಿತು. ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಬದಲಿಗೆ ಉಷಾರಾಣಿ ಒಂದು ಉಪಾಯ ಕಂಡುಕೊಂಡಳು. ಪ್ರತಿ ಕೆಲಸದಲ್ಲೂ ಒಂದೇ ಒಂದು ಮೂಲೆಯ ಸೊನ್ನೆಯನ್ನು ಅಪ್ಪ ನೋಡುವ ಮೊದಲೇ ಹೆಬ್ಬೆರಳಿನಿಂದ ಒರೆಸಿಬಿಡುವುದು. ಅಲ್ಲಿ ಬರೀ ಟ್ಯಾಕು ಉಳಿಯುತ್ತಿತ್ತು. ಹಳ್ಳದ ಹಾದಿಯಲ್ಲಿ ಎಂಟು ದಿನ ಓಡಾಡಿದರೆ ಗಡಗಡ ಅನ್ನುತ್ತಿತ್ತು. ಗಡಗಡ ಅಂದರೆ ಜುಂಜೇಶ ಬರಲೇಬೇಕು.

ಬಂದಾಗ ಅವಳು ಹುಬ್ಬೇರಿಸಿ, "ಮತ್ತೇನ್ರಿ ಆತು?" ಅನ್ನುವಳು. "ಏನೋ ಸದ್ದು ಮಾಡ್ತೈತೆ ಇಂಜಿನಿಯರಮ್ನೋರೆ," ಅನ್ನುವನು. ಇಬ್ಬರೂ ಬಗ್ಗಿ ಜೀಪಿನ ಕೆಳಗೆ ನೋಡುವರು. ತಲೆಗೆ ತಲೆ ತಾಗುವಷ್ಟು ಹತ್ತಿರ. ಅಷ್ಟು ಹೊತ್ತು ಸಾಕಾಗಿತ್ತು ಅವಳಿಗೆ, ಇನ್ನೊಂದು ವಾರ ದೂಡುವುದಕ್ಕೆ.

*

ಒಂದು ಸೋಮವಾರ ಅವನು ತನ್ನ ಅವ್ವ ಕೆಂಚಕ್ಕನನ್ನು ಕರೆತಂದ. ಮಂಡಿನೋವಿನ ಮುದುಕಿ. ಜೀಪು ಹತ್ತಿಸಬೇಕಾದರೆ ಮಗ ಎತ್ತಿ ಕೂರಿಸಬೇಕು. ಉಷಾರಾಣಿ ಅವಳನ್ನು ಗೋಡೆ ಪಕ್ಕ ನಿಲ್ಲಿಸಿ, "ಕಾಲು ಎಷ್ಟ್ ಎತ್ತಕಾಗ್ತದೋ ಅಷ್ಟೇ ಎತ್ರಿ ಅಮ್ಮ," ಅಂದಳು. ಕಾಲು ನಿಂತಲ್ಲಿಗೆ ಗೋಡೆಯ ಮೇಲೆ ಗೆರೆ ಎಳೆದು, 'ಕೆಂಚಕ್ಕ, ೧೩ ಇಂಚು' ಅಂತ ಬರೆದಳು.

ಮುದುಕಿ ಗೆರೆ ನೋಡಿದಳು, ಹುಡುಗಿಯನ್ನು ನೋಡಿದಳು, ಗಾಲಿಯ ಗಾಳಿ ಸುಮ್ಮಸುಮ್ಮನೆ ನೋಡುತ್ತ ನಿಂತಿದ್ದ ಮಗನನ್ನೂ ನೋಡಿದಳು.

"ಏನವ್ವ, ಈ ಜೀಪಿಗೆ ಎಲ್ಲಾ ಮಾಡಿದೀಯ. ಇನ್ನು ಲಗ್ನ ಒಂದು ಮಾಡ್ಸೋದು ಬಾಕಿ."

"ಅವ್ವಾ!" ಅಂದ ಜುಂಜೇಶ.

"ನೀ ಸುಮ್ನಿರಲೇ. ಮೆಟ್ಲು ಆಗ್ಲಿ ಮಗಾ. ಯಾರ ಹೆಗಲೂ ಹಿಡೀದೆ ನಾನೇ ಇಳ್ದು ನಿಮ್ಮನೆ ಬಾಗಿಲಿಗೆ ಬರ್ತೀನಿ. ನಿಮ್ಮಪ್ಪನತ್ರ ಮಾತೈತೆ."

ಆ ವಾರ ಉಷಾರಾಣಿ ಹಾಡಿಕೊಂಡೇ ಕೆಲಸ ಮಾಡಿದಳು. ಫುಟ್‌ಬೋರ್ಡಿಗೆ ಎರಡು ಕಾಲು. ಮುಂದಿನದು ಜೀಪಿನ ಅಡಿಚೌಕಟ್ಟಿಗೆ ಎರಡು ಬೋಲ್ಟಿನಲ್ಲಿ ಕೂರುತ್ತದೆ, ಹಿಂದಿನದಕ್ಕೆ ವೆಲ್ಡಿಂಗ್. ಎಲ್ಲ ಮುಗಿದ ಮೇಲೆ ಹಿಂದಿನ ಕಾಲಿನ ಸೊನ್ನೆಯ ಮುಂದೆ ಕೂತು ಯೋಚಿಸಿದಳು. ಬ್ಯಾಡ ಕಣೇ, ಅಂದಿತು ಮನಸ್ಸು. ಮುದುಕಿ ಎಷ್ಟು ತೂಕ ಇದ್ದಾಳು, ಎರಡು ಬೋಲ್ಟು ಇವೆ, ತಡೆಯುತ್ತೆ, ಅಂದಿತು ಐ.ಟಿ.ಐ. ಓದಿದ ತಲೆ. ಇದೇ ಕೊನೆ ಸಲ ಅಂದುಕೊಂಡು ಹೆಬ್ಬೆರಳಿನಿಂದ ಸೊನ್ನೆ ಒರೆಸಿದಳು.

ಆ ಮೆಟ್ಟಿಲು ಹಾಕಿಸಿಕೊಂಡು ಹೋದ ಹನ್ನೆರಡನೇ ದಿನ ಸುದ್ದಿ ಬಂತು. ಹಳ್ಳದ ಹತ್ತಿರ ಕುರಿಮರಿ ಎತ್ತಿಕೊಂಡು ಇಳಿಯುವಾಗ ಕೆಂಚಕ್ಕ ಬಿದ್ದು ತಲೆ ಕಲ್ಲಿಗೆ ಬಡಿಯಿತಂತೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ತೀರಿಹೋದಳಂತೆ. ಕಾಲು ಜಾರಿತಂತೆ ಅಂದರು ಜನ. ಉಷಾರಾಣಿ ದೇವರಿಗೆ ಕೈಮುಗಿದು ಬೇಡಿಕೊಂಡಳು, ಜಾರಿದ್ದೇ ನಿಜವಾಗಿರಲಿ ಅಂತ. ಸತ್ತವಳಿಗಾಗಿ ಅಳುವುದು ಬಿಟ್ಟು ತನಗಾಗಿ ಬೇಡಿಕೊಂಡೆನಲ್ಲ ಅಂತ ಆಮೇಲೆ ತನ್ನ ಮೇಲೇ ಅಸಹ್ಯಪಟ್ಟಳು.

*

ಈಗ ಒಂದೊಂದೇ ಬಿಚ್ಚುತ್ತ ಹೋದಳು. ಜಾಲರಿ ಬಂತು. ಗಾರ್ಡು ಬಂತು. ಕ್ಯಾನ್ ಸ್ಟ್ಯಾಂಡು ಕತ್ತರಿಸುವಾಗ ಕಿಡಿ ಹಾರಿ ಅವಳ ಕೈಗೆ ತಾಗಿತು. ಮುಂಚೆ ಆಗಿದ್ದರೆ ಅವನು ಅಯ್ಯೋ ಅನ್ನುತ್ತಿದ್ದ. ಇವತ್ತು ಅನ್ನಲಿಲ್ಲ. ಅಪ್ಪ ಊಟಕ್ಕೆ ಮನೆಗೆ ಹೋದರು. ಮರಿ ಗೂಡು ಎಳೆಯಲು ಅವಳು ಜೀಪಿನ ಹಿಂದೆ ಬಗ್ಗಿದಾಗ ಮೂಲೆಯಲ್ಲಿ ಗೋಣಿಚೀಲ ಸುತ್ತಿದ ಒಂದು ವಸ್ತು ಕಂಡಿತು. ಚೀಲ ಸರಿಸಿದಳು. ಫುಟ್‌ಬೋರ್ಡು.

ನೋಡಬಾರದು ಅಂದುಕೊಂಡೇ ನೋಡಿದಳು. ಹಿಂದಿನ ಕಾಲು ಇದ್ದ ಜಾಗದಲ್ಲಿ ಹುಣಸೆಬೀಜದಷ್ಟು ಹೊಳಪು. ಟ್ಯಾಕು ಕಿತ್ತು ಬಂದ ಗುರುತು. ಇಡೀ ಜಗತ್ತಿನಲ್ಲಿ ಅದನ್ನು ಓದಬಲ್ಲವಳು ಅವಳೊಬ್ಬಳೇ.

"ಅದನ್ನ ಮುಟ್ಟಬ್ಯಾಡ್ರಿ," ಅಂದ ಜುಂಜೇಶ. ಓಡಿಬಂದು ಕಸಿದುಕೊಂಡ. ಮರುಕ್ಷಣ ಅದನ್ನು ಎದೆಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತ.

"ಅವ್ವ ಹೇಳಬ್ಯಾಡ ಅಂದಿದ್ಲು. ಆಸ್ಪತ್ರೇಲಿ ಎಚ್ಚರ ಇದ್ದಿದ್ದು ಒಂದೇ ಗಳಿಗೆ. 'ಮೆಟ್ಲು ಮುರೀತು ಅನ್ನಬ್ಯಾಡ ಕಣಲೇ, ಆ ಹುಡುಗಿ ನೊಂದ್ಕಂತದೆ. ಕಾಲು ಜಾರ್ತು ಅನ್ನು' ಅಂದ್ಲು. ಅದಕ್ಕೇ ಊರಿಗೆಲ್ಲ ಹಂಗೇ ಹೇಳ್ದೆ."

ಉಷಾರಾಣಿ ಏನೋ ಹೇಳಹೋದಳು. ಅವನು ಬಿಡಲಿಲ್ಲ.

"ನಿಮ್ ತಪ್ಪಲ್ಲ ಉಷಾ. ಕೊಂದೋನು ನಾನು. ಮುಂದಿನ ಎರಡೂ ಬೋಲ್ಟು ನಾನೇ ಸಡಿಲ ಮಾಡಿದ್ದೆ."

"ಏನು?"

"ಪ್ರತಿಸಲಾನೂ ಮಾಡ್ತಿದ್ದೆ. ಜಾಲರೀದು, ಗಾರ್ಡಿಂದು, ಎಲ್ಲಾದ್ರದ್ದೂ. ಸದ್ದು ಬಂದ್ರೆ ಇಲ್ಲಿಗೆ ಬರಬೋದಲ್ಲ ಅಂತ. ಫುಟ್‌ಬೋರ್ಡಿಗೂ ಮಾಡ್ದೆ. ಹಿಂದ್ಗಡೆ ನಿಮ್ ವೆಲ್ಡಿಂಗ್ ಐತೆ, ಅದು ಆನೆ ನಿಂತ್ರೂ ಬಿಡಲ್ಲ ಅಂತ ನಂಬ್ಕಂಡು ಮಾಡ್ದೆ."

ಅವನು ಅಳತೊಡಗಿದ. ಗಂಡಸು ಹಾಗೆ ಅಳುವುದನ್ನು ಅವಳು ಹಿಂದೆ ನೋಡಿರಲಿಲ್ಲ.

ಸುಮ್ಮನಿದ್ದರೆ ಮುಗಿಯಿತು. ಅವನಿಗೆ ಗುರುತು ಓದಲು ಬರುವುದಿಲ್ಲ, ಅಪ್ಪನಿಗೆ ಕಣ್ಣು ಕಾಣುವುದಿಲ್ಲ, ಮೆಟ್ಟಿಲು ಮುರಿದದ್ದು ಗೊತ್ತಿದ್ದ ಮುದುಕಿ ಸುಳ್ಳು ಹೇಳಿಸಿ ಹೋಗಿದ್ದಾಳೆ. ಅವನ ತಲೆ ಸವರಿ, ಹೋಗ್ಲಿ ಬಿಡ್ರಿ ಅಂದರೆ ಸಾಕು, ಇವತ್ತಲ್ಲದಿದ್ದರೆ ಮುಂದಿನ ವರ್ಷ ಮದುವೆಯೂ ಆಗುತ್ತದೆ. ದೇವರೇ, ಅವಳಿಗೆ ಅವನು ಬೇಕಿತ್ತು. ಆದರೆ ಅವ್ವನನ್ನು ತಾನೊಬ್ಬನೇ ಕೊಂದೆ ಅಂತ ಇವನು ಬದುಕಿರುವವರೆಗೂ ಎದೆ ಬಡಿದುಕೊಳ್ಳುತ್ತಿರುವಾಗ ಪಕ್ಕದಲ್ಲಿ ಮಲಗಿ ಅದನ್ನು ಕೇಳುವುದು ಹೇಗೆ?

ಅವನ ಕೈಯಿಂದ ಫುಟ್‌ಬೋರ್ಡು ತೆಗೆದುಕೊಂಡು, ಅವನ ಹೆಬ್ಬೆರಳು ಹಿಡಿದು ಆ ಹೊಳಪಿನ ಮೇಲೆ ಇಟ್ಟಳು. ಅವನನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಇಲ್ಲಿ ಪೂರ್ತಿ ವೆಲ್ಡಿಂಗ್ ಇರ್ಲಿಲ್ಲ. ಬರೀ ಟ್ಯಾಕು. ಸೊನ್ನೆ ನಾನೇ ಒರ್ಸಿದ್ದೆ, ಅಪ್ಪಂಗೆ ಕಾಣಬಾರ್ದು ಅಂತ. ಮುಂದ್ಗಡೆ ಬೋಲ್ಟ್ ಅವೆ, ತಡೀತವೆ ಅಂದ್ಕಂಡೆ."

"ಯಾಕೆ?" ಅಂದ ಅವನು.

"ನೀನು ಯಾಕ್ ಮಾಡ್ದೆ? ಅದಕ್ಕೇ."

ಜುಂಜೇಶ ಅವಳ ಮುಖವನ್ನೇ ನೋಡಿದ. ಬಂದಾಗಿನಿಂದ ಮೊದಲ ಸಲ ನೋಡಿದ್ದು. ಆ ನೋಟದಲ್ಲಿ ಪ್ರೀತಿ ಇತ್ತು, ಅವಳು ಕಂಡಳು. ಅದರ ಜೊತೆಗೇ ಕೊಲ್ಲುವಷ್ಟು ಸಿಟ್ಟೂ ಇತ್ತು. ಎದ್ದು ನಿಂತು ಮರಿ ಗೂಡನ್ನು ತಾನೇ ಎಳೆದು ಹೊರಗೆಸೆದ. ಜೀಪು ಬೋಳಾಯಿತು.

ಸ್ಟೇರಿಂಗ್ ಹಿಡಿದು ಕೂತವನು ಹೊರಡುವ ಮುನ್ನ, "ಇನ್ನ ಬರಕೆ ಏನೂ ಕೆಲಸ ಉಳೀಲಿಲ್ಲ," ಅಂದ.

"ಇಲ್ಲ," ಅಂದಳು ಅವಳು.

*

ಮುಂದಿನ ಸೋಮವಾರ ಅವನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಉಷಾರಾಣಿ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಚಿತ್ರಲಿಂಗಪ್ಪ ಬೈಯಲಿಲ್ಲ. ಎರಡು ದಿನ ಶಾಪು ತೆರೆಯಲಿಲ್ಲ, ಅಷ್ಟೇ. ಮೂರನೇ ದಿನ ವೆಲ್ಡಿಂಗ್ ಹಿಡಿಯನ್ನು ಅವಳ ಕೈಗೆ ಕೊಟ್ಟು, "ಇನ್ನ ಸೊನ್ನೆ ಹಾಕೋಳೂ ನೀನೇ, ಒರ್ಸೋಳೂ ನೀನೇ," ಅಂದರು. ಗೋಡೆಯ ಮೇಲಿನ ಗೆರೆಯನ್ನು ಇಬ್ಬರೂ ಒರೆಸಲಿಲ್ಲ. ಆ ವರ್ಷ ಶಾಪಿಗೆ ಸುಣ್ಣ ಹೊಡೆಯುವವನಿಗೆ, ಅಷ್ಟು ಜಾಗ ಬಿಟ್ಟು ಹೊಡಿ ಅಂದಳು.

ಏಳು ತಿಂಗಳು ಕಳೆದ ಮೇಲೆ ಒಂದು ಬುಧವಾರ, ಬಿಸಿಲು ಏರಿದ ಹೊತ್ತಿನಲ್ಲಿ, ಖಾಸಗಿ ಬಸ್ಸಿನಿಂದ ಇಳಿದು ಒಬ್ಬ ರಸ್ತೆ ದಾಟಿ ಬಂದ. ಅವಳು ಯಾರದೋ ಗೇಟಿನ ಜಾಯಿಂಟಿಗೆ ವೆಲ್ಡಿಂಗ್ ಎಳೆಯುತ್ತಿದ್ದಳು.

"ಯಾರು?" ಅಂದರು ಅಪ್ಪ.

"ನಾನು, ಜುಂಜೇಶ."

"ಸದ್ದೇ ಬರ್ಲಿಲ್ಲ. ಜೀಪೆಲ್ಲಪ್ಪ?"

"ಮಾರ್ದೆ."

"ಮತ್ತೆ ಏನ್ ಕೆಲಸಕ್ಕೆ ಬಂದೆ?"

"ಏನೂ ಕೆಲಸ ಇಲ್ಲ," ಅಂದ ಜುಂಜೇಶ. "ಸುಮ್ನೆ ಬಂದೆ."

ಅಪ್ಪ ಟೀ ಹೇಳಿ ಬರ್ತೀನಿ ಅಂತ ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಜುಂಜೇಶನ ಕಣ್ಣು ಗೋಡೆಯ ಗೆರೆಯ ಮೇಲೆ ನಿಂತಿತು. ಹತ್ತಿರ ಹೋಗಿ, ಹದಿಮೂರು ಇಂಚಿನ ಆ ಗೆರೆಯನ್ನು ಮುಟ್ಟದೆ ಅದರ ಕೆಳಗೆ ಕೂತ.

"ಕ್ಷಮಿಸಿದೀನಿ ಅಂತ ಬಂದಿಲ್ಲ," ಅಂದ ಮೆಲ್ಲಗೆ. "ನಿನ್ನ ಕ್ಷಮಿಸಿದ್ರೆ ನನ್ನೂ ಕ್ಷಮಿಸ್ಬೇಕಾಗ್ತದೆ. ಅದು ಆಗ್ತಿಲ್ಲ. ಆದ್ರೆ ಇದನ್ನ ಇನ್ಯಾರತ್ರ ಹೇಳ್ಕಳ್ಳಲಿ? ನೀನೊಬ್ಳೇ ಇರೋದು."

ಉಷಾರಾಣಿಗೆ ಎಲ್ಲ ಎಸೆದು ಓಡಿಹೋಗಿ ಅವನ ಪಕ್ಕ ಕೂರಬೇಕು ಅನ್ನಿಸಿತು.

"ಒಂದ್ ನಿಮಿಷ ಇರು," ಅಂದಳು.

ಮುಖಕ್ಕೆ ಮತ್ತೆ ಗಾಜು ಹಿಡಿದು, ಅರ್ಧಕ್ಕೆ ನಿಂತಿದ್ದ ಜಾಯಿಂಟನ್ನು ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಎಳೆದಳು. ಸುತ್ತಿಗೆಯಿಂದ ತಟ್ಟಿ ನೋಡಿದಳು. ಆಮೇಲೆ ಸೊನ್ನೆ ಒರೆಸಿ, ಅವನ ಪಕ್ಕ ಹೋಗಿ ಕೂತಳು.