ಆ ಮನೆಗಳಿಗೆ ನೀವು ನಿಜವಾಗಿ ಹೋಗಿದ್ರಾ?

"ಗಿರಣಿ ಬೀದಿಯ ಮನೆಗಳಿಗೆ ನೀವು ನಿಜವಾಗಿ ಹೋಗಿದ್ರಾ?"

ಹೊರಡಲು ಎದ್ದಿದ್ದ ಅವಳು ಬಾಗಿಲಲ್ಲೇ ನಿಂತಳು. ಆಫೀಸಿನಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು.

ಚುನಾವಣೆಗೆ ಮುಂಚೆ ಜನರ ಮನಸ್ಸು ತಿಳಿದು, ಗೆಲ್ಲೋದು ಯಾರು ಅಂತ ಹೇಳುವ ಪುಟ್ಟ ಸಂಸ್ಥೆ ಅದು. ಬೀದಿ ಅಲೆದು ಪ್ರಶ್ನೆ ಕೇಳುವುದು ಅವಳ ಕೆಲಸ. ಬಂದ ಉತ್ತರ ಅಳೆದು ತೂಗಿ ಫಲಿತಾಂಶ ಊಹಿಸುವುದು, ಈಗ ಈ ಪ್ರಶ್ನೆ ಕೇಳಿದ, ಹೊಸದಾಗಿ ಸೇರಿದ್ದ ಹುಡುಗನ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವನನ್ನು 'ಜ್ಯೋತಿಷಿ' ಅನ್ನುತ್ತಿದ್ದರು.

"ಹೋಗದೆ ಉತ್ತರ ಎಲ್ಲಿಂದ ಬರುತ್ತೆ?"

"ಅದೇ ನನ್ನ ಅನುಮಾನ. ಊರಲ್ಲಿ ಬೇರೆ ಕಡೆಯೆಲ್ಲ ಅರ್ಧಕ್ಕರ್ಧ ಜನಕ್ಕೆ ಶಾಸಕರ ಮೇಲೆ ಸಿಟ್ಟು. ಗಿರಣಿ ಬೀದಿಯಲ್ಲಿ ಮಾತ್ರ ಎಲ್ಲರೂ ಅವರಿಗೇ ವೋಟು ಅಂದಿದ್ದಾರೆ. ನಿಮ್ಮ ಭಾವ ಅವರ ಪ್ರಚಾರದ ಜೀಪು ಓಡಿಸ್ತಾರಂತೆ..."

ಅವಳ ಮುಖ ಕೆಂಪಾಯಿತು.

"ಭಾವನ ಕೆಲಸ ಭಾವಂದು. ನನ್ನ ಕೆಲಸ ನಂದು," ಅಂದವಳೇ ಹೊರನಡೆದಳು.

ಮರುದಿನ ಗಿರಣಿ ಬೀದಿಯ ದರ್ಜಿ ಹೆಂಗಸು ಅವಳನ್ನು ತಡೆದಳು. "ಏನಮ್ಮಾ, ನಿಮ್ಮ ಆಫೀಸಿನೋರು ಬಂದು, ಆ ಹುಡುಗಿ ಬಂದಿದ್ದು ನಿಜಾನಾ ಅಂತ ಮನೆಮನೆಗೂ ಕೇಳ್ತಿದ್ರಲ್ಲ?"

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ತಿರುವಿನ ಟೀ ಅಂಗಡಿಯಲ್ಲಿ ಇನ್ನೊಂದು ಕಂಡಿತು. ಜ್ಯೋತಿಷಿ ಮತ್ತು ಅವಳ ಭಾವ ಎದುರುಬದುರು ಕೂತು ಪಿಸುಗುಡುತ್ತಿದ್ದರು. ಅವಳನ್ನು ಕಂಡದ್ದೇ ಭಾವ ಲೋಟ ಕೆಳಗಿಟ್ಟು ಎದ್ದುಬಿಟ್ಟ.

ನನ್ನನ್ನ ಕಳ್ಳಿ ಮಾಡಿ... ತಾನೇ ಒಳಗಿನ ಗುಟ್ಟು ಮಾರ್ತಿದ್ದಾನಾ?

"ಅವನ ಹತ್ತಿರ ನಿಮಗೇನು ಮಾತು ಭಾವ?" ಮನೆಯಲ್ಲಿ ಕೇಳಿದಳು.

"ಸುಮ್ನೆ, ಹೀಗೇ," ಅಂದು ಭಾವ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅಕ್ಕನೂ ಮಾತು ಬದಲಿಸಿದಳು.

ಬೆಳಿಗ್ಗೆ ನೇರವಾಗಿ ಯಜಮಾನರ ಕೋಣೆಗೆ ನುಗ್ಗಿದಳು. ಜ್ಯೋತಿಷಿ ಅಲ್ಲೇ ನಿಂತಿದ್ದ.

"ಸಾರ್, ಇವರು ನಮ್ಮ ಅಂದಾಜನ್ನ ಶಾಸಕರ ಕಡೆಯೋರಿಗೆ ಮಾರ್ತಿದ್ದಾರೆ."

ಯಜಮಾನರು ಕನ್ನಡಕ ತೆಗೆದರು. "ಮಾರೋನು ಕೆಲಸ ಬಿಡ್ತೀನಿ ಅಂತಾನೇನಮ್ಮಾ? ನಿನ್ನ ಬೀದಿಯ ಉತ್ತರ ಕಿತ್ತುಹಾಕು, ನಿನ್ನನ್ನೂ ಕೆಲಸದಿಂದ ಕಳಿಸು ಅಂತ ಇವನಿಗೆ ಅಂದೆ. ಹಾಗಾದ್ರೆ ನಾನೂ ಹೋಗ್ತೀನಿ ಅಂತ ಕೂತಿದ್ದಾನೆ."

ಅವಳು ಅವನತ್ತ ತಿರುಗಿದಳು. ಅವನು ತಲೆ ತಗ್ಗಿಸಿದ.

"ಪ್ರತಿ ಮನೆಗೂ ಹೋಗಿ ಕೇಳಿದೆ. ನಿಮಗೆ ಹೇಳಿದ ಉತ್ತರಾನೇ ನನಗೂ ಹೇಳಿದ್ರು. ಆದ್ರೂ ಅನುಮಾನ ಹೋಗಲಿಲ್ಲ. ನಿಮ್ಮ ಭಾವನನ್ನೇ ಕೇಳಿದೆ. ಊಟಕ್ಕೆ ಕೂತಾಗೆಲ್ಲ, ಆಫೀಸಿನ ಲೆಕ್ಕ ಹೇಳು ಅಂತ ನಿಮ್ಮನ್ನ ಗೋಗರೀತಾ ಇದ್ರಂತೆ. ನೀವು ಒಂದು ಅಂಕಿನೂ ಬಿಟ್ಟುಕೊಡಲಿಲ್ವಂತೆ. ನಿನ್ನೇನೇ ಕ್ಷಮೆ ಕೇಳಬೇಕಿತ್ತು... ಬಾಯಿ ಬರಲಿಲ್ಲ."

ಅಂದಿನಿಂದ ಸಂಜೆ ಆಫೀಸು ಮುಗಿದ ಮೇಲೆ ಇಬ್ಬರೂ ಮಾತಾಡುತ್ತಾ ಒಟ್ಟಿಗೇ ನಡೆದು ಹೋಗತೊಡಗಿದರು.

ಅವಳ ಉತ್ತರಗಳನ್ನು ಉಳಿಸಿಕೊಂಡೇ ಸಂಸ್ಥೆ ಅಂದಾಜು ಪ್ರಕಟಿಸಿತು. ಶಾಸಕರು ಕೂದಲೆಳೆಯ ಅಂತರದಲ್ಲಿ ಗೆಲ್ತಾರೆ ಅಂತ.

ಶಾಸಕರು ಸೋತರು. ಗಿರಣಿ ಬೀದಿಯಲ್ಲಂತೂ ಹೀನಾಯವಾಗಿ ಸೋತರು.

ಗಿರಣಿ ಶಾಸಕರದ್ದೇ. ಕೂಲಿ ಕಳೆದುಕೊಳ್ಳುವ ಭಯಕ್ಕೆ ಜನ ಬಾಗಿಲಲ್ಲಿ ಒಂದು ಹೇಳಿ, ಮತಗಟ್ಟೆಯಲ್ಲಿ ಇನ್ನೊಂದು ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಜ್ಯೋತಿಷಿಯ ಕೆಲಸ ಹೋಯಿತು.

ಅವಳು ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಈಗ ಅವನು ಖಂಡಿತ ಅಂದುಕೊಳ್ತಾನೆ... ಇವಳೂ ಇವಳ ಭಾವನೂ ಸೇರಿ ನನ್ನನ್ನ ಮುಳುಗಿಸಿದ್ರು ಅಂತ.

ಗೇಟಿನ ಸದ್ದಾಯಿತು. ಅವನೇ.

"ಬೈಯೋಕೆ ಬಂದ್ರಾ?"

"ಇಲ್ಲ."

"ನಾನು ತಂದ ಉತ್ತರ ಪೂರ್ತಿ ಸುಳ್ಳಾಯ್ತಲ್ಲ. ಮತ್ತೆ ಅನುಮಾನ ಬರಲಿಲ್ವಾ?"

"ಅವರು ಸುಳ್ಳು ಹೇಳಿದ್ರು. ನೀವು ಹೇಳಲಿಲ್ಲ," ಅಂದ. "ಭಯದಲ್ಲಿರೋರನ್ನ ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ದು ನಮ್ಮದೇ ತಪ್ಪು."

ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, ಸ್ವಲ್ಪ ಸರಿದು ಜಾಗ ಬಿಟ್ಟಳು. ಅವನು ಪಕ್ಕದಲ್ಲಿ ಕೂತ.

"ಕೆಲಸ ಇಲ್ಲ, ಹೆಸರೂ ಕೆಟ್ಟಿದೆ. ಹೊತ್ತಲ್ಲದ ಹೊತ್ತು ಅಂತಾನೂ ಗೊತ್ತು. ಆದ್ರೂ... ನನ್ನನ್ನ ಮದುವೆ ಆಗ್ತೀರಾ?"

ಅವಳು ಬೀದಿ ನೋಡುತ್ತಾ ಕೇಳಿದಳು, "ನಾನು ಏನು ಹೇಳ್ತೀನಿ ಅಂತ ಅಂದಾಜಿದೆ?"

"ಏನೂ ಇಲ್ಲ. ಬರೀ ಭಯ ಇದೆ."

"ನಾನು ಹೂಂ ಅಂದ್ರೆ ನಂಬ್ತೀರಾ? ಆಮೇಲೆ ಅಕ್ಕನ ಹತ್ತಿರ, ಭಾವನ ಹತ್ತಿರ ವಿಚಾರಿಸೋಕೆ ಹೋಗಲ್ಲ ತಾನೇ?"

ಅವನು ನಕ್ಕುಬಿಟ್ಟ. "ಯಾರನ್ನೂ ಕೇಳಲ್ಲ."

"ಹಾಗಾದ್ರೆ... ಹೂಂ."