ಲೈಸೆನ್ಸ್ ಇನ್ನೂ ಬಂದಿಲ್ಲ ಮೇಡಂ

"ಲೈಸೆನ್ಸ್ ಇನ್ನೂ ಬಂದಿಲ್ಲ ಮೇಡಂ," ಎಂದು ಸುಘೋಷ ಬ್ಯಾಗನ್ನು ಕುರ್ಚಿಯ ಮೇಲಿಟ್ಟ.

ಸುಪ್ರಿಯಾ ತಿರುಗಿಯೂ ನೋಡಲಿಲ್ಲ. ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದವಳಿಗೆ ಬೆಳಿಗ್ಗೆಯೇ ಸುಸ್ತು ಹೊಡೆದಿತ್ತು.

ಮಾಚೇನಹಳ್ಳಿಯ ಆ ಫೌಂಡ್ರಿಯ ಕಂಟ್ರೋಲ್ ರೂಮಿನಲ್ಲಿ ಅವಳ ಎದುರಿಗೆ ಈಗ ಎರಡು ಕಂಪ್ಯೂಟರುಗಳು. ಹಳೆಯದರ ಮೂಲೆಯಲ್ಲಿ ಕಳೆದ ಆಯುಧಪೂಜೆಯ ಕುಂಕುಮ ಇನ್ನೂ ಇದೆ. ಪೂಜೆಯ ದಿನವೂ ಅದನ್ನು ಯಾರೂ ಆರಿಸಿದವರಲ್ಲ. ಆರಿಸಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯ. ಫರ್ನೇಸುಗಳ ಬಿಸಿಯನ್ನೆಲ್ಲ ಹತೋಟಿಯಲ್ಲಿ ಇಟ್ಟುಕೊಂಡಿರುವುದು ಅದೇ. ಆದರೆ ಸಾಫ್ಟ್‌ವೇರ್ ಮಾರಿದ ಕಂಪನಿ, ಹಳೆಯ ವಿಂಡೋಸ್‌ನಲ್ಲಿ ಇನ್ನು ನಮ್ಮ ಸಪೋರ್ಟ್ ಇಲ್ಲ, ಎಲ್ಲರೂ ಹೊಸದಕ್ಕೆ ಬನ್ನಿ ಎಂದು ಒಂದು ಮೇಲ್ ಕಳಿಸಿ ಕೈತೊಳೆದುಕೊಂಡಿತ್ತು. ಅವರಿಗೇನು, ಕೆಂಪಗೆ ಕಾದ ಕಬ್ಬಿಣದ ಪಕ್ಕದಲ್ಲಿ ಕೂತವರು ಇವರು.

ಸುಘೋಷ ಆ ಕಂಪನಿಯ ಪರವಾಗಿ ಶಿವಮೊಗ್ಗದ ಸವಳಂಗ ರಸ್ತೆಯ ಚಿಕ್ಕ ಆಫೀಸಿನಲ್ಲಿ ಕೆಲಸ ಮಾಡುವ ಎಂಜಿನಿಯರ್. ಹಳೆಯ ಮಷೀನು ಮುನಿಸಿಕೊಂಡಾಗಲೆಲ್ಲ ಬಂದು ಸಮಾಧಾನ ಮಾಡಿ ಹೋಗುತ್ತಿದ್ದವನು. ಹೊಸದು ಕೆಟ್ಟರೆ ಬೆಂಗಳೂರಿನಿಂದಲೇ ಆನ್‌ಲೈನಿನಲ್ಲಿ ಸರಿಮಾಡುತ್ತಾರಂತೆ. ಅಂದರೆ ಈ ಕೆಲಸ ಮುಗಿದರೆ ಅವನು ಮಾಚೇನಹಳ್ಳಿಗೆ ಬರುವ ಕಾರಣವೇ ಇರುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತಿರಲಿಲ್ಲ.

ಹಳೆಯದರ ಜೊತೆ ಹೊಸದನ್ನೂ ಓಡಿಸಿ, ಎರಡೂ ಒಂದೇ ಟೆಂಪರೇಚರ್ ತೋರಿಸುತ್ತವೆಯೇ ಎಂದು ನೋಡುವ ದಿನಗಳಿವು. ಲೈಸೆನ್ಸ್ ಇಲ್ಲದ ಸಾಫ್ಟ್‌ವೇರ್ ಬರೀ ಡೆಮೋ. ಎರಡು ಗಂಟೆಗೊಮ್ಮೆ ತಾನಾಗಿಯೇ ನಿಂತುಬಿಡುತ್ತದೆ. ಫರ್ನೇಸಿಗೇನೂ ಆಗುವುದಿಲ್ಲ, ಅದನ್ನು ಹಳೆಯದು ನೋಡಿಕೊಳ್ಳುತ್ತದೆ. ಆದರೆ ಹೊಸದನ್ನು ಮತ್ತೆ ಎಬ್ಬಿಸಿ, ಎಲ್ಲವನ್ನೂ ಮೊದಲಿನಿಂದ ಹೋಲಿಸಬೇಕು. ಪಾಸ್‌ವರ್ಡ್ ಸುಘೋಷನ ಹತ್ತಿರ ಮಾತ್ರ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವನಿಗೆ ಇದೇ ಕೆಲಸ.

"ಇದೇನ್ ಮಾರಾಯ್ರೇ, ಹೊಸದರಲ್ಲಿ ಎಲ್ಲಾ ಬೂದಿ ಬಣ್ಣ?" ಎಂದಳು ಸುಪ್ರಿಯಾ.

"ಕಣ್ಣಿಗೆ ಆಯಾಸ ಆಗ್ಬಾರ್ದು ಅಂತ."

"ಆಯಾಸ ಕಣ್ಣಿಗೆ ಮಾತ್ರ ಆಗುತ್ತೆ ಅಂದ್ಕೊಂಡಿದಾರಾ ನಿಮ್ಮ ಕಂಪನಿಯೋರು?"

ಅವನು ನಕ್ಕ. ಆ ನಗು ತುಟಿಗೆ ಬರುವ ಮೊದಲು ಕಣ್ಣಿನ ಮೂಲೆಯಲ್ಲಿ ಕಾಣಿಸುತ್ತಿತ್ತು. ಅವಳು ಬೇಕೆಂದೇ ಕಣ್ಣನ್ನು ಹಳೆಯ ಪರದೆಗೆ ತಿರುಗಿಸಿದಳು. ಅಪ್ಪ ಜಯಪ್ಪ ಕರೆತಂದ ಗಂಡುಗಳ ಎದುರು ಕಾಫಿ ಇಟ್ಟು, ತಲೆ ತಗ್ಗಿಸಿ ಕೂತು, ಅವರು "ಹೇಳಿ ಕಳಿಸ್ತೀವಿ" ಎಂದು ಎದ್ದುಹೋಗುವುದನ್ನು ನೋಡಿ ನೋಡಿ ಅವಳಿಗೆ ಆಸೆಪಡುವುದೇ ಬೇಸರವಾಗಿತ್ತು. ಆದರೂ ಈ ನಗು ಅವಳಿಗೆ ಇಷ್ಟ. ತುಂಬ ಇಷ್ಟ.

ಮಧ್ಯಾಹ್ನ ಹೊಸದು ಮತ್ತೆ ನಿಂತಿತು. ಎಬ್ಬಿಸಬೇಕಾದವನೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದ. ಶರ್ಟಿನ ಒಂದು ತೋಳು ಮಡಿಚಿತ್ತು, ಇನ್ನೊಂದು ಜಾರಿತ್ತು. ಕಣ್ಣ ಕೆಳಗೆ ಕಪ್ಪು. ಸುಪ್ರಿಯಾ ಅವನನ್ನು ಎಬ್ಬಿಸಲಿಲ್ಲ. ಫೋನ್ ತೆಗೆದುಕೊಂಡು ಕಾರಿಡಾರಿಗೆ ಹೋಗಿ ಕಂಪನಿಯ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದಳು.

"ನಿಮ್ಮ ಎಂಜಿನಿಯರ್ ಇಲ್ಲಿ ಊಟ ತಿಂಡಿ ಬಿಟ್ಟು ಒದ್ದಾಡ್ತಿದಾರೆ. ಒಂದು ಲೈಸೆನ್ಸ್ ಕೊಡೋಕೆ ಎಷ್ಟು ದಿನ ಬೇಕ್ರೀ ನಿಮಗೆ?"

ಆ ಕಡೆಯ ಹುಡುಗಿ ಏನನ್ನೋ ಹುಡುಕಿ ನೋಡಿದಳು. "ಮೇಡಂ, ಅದನ್ನ ಹೋದ ವಾರವೇ ಕಳಿಸಿದೀವಲ್ಲ. ಸುಘೋಷ ಅವರಿಗೇ ಕೊಟ್ಟಿದೀವಿ."

ಸುಪ್ರಿಯಾ ಒಳಗೆ ಬಂದು ಮೇಜು ಬಡಿದಳು. ಅವನು ಬೆಚ್ಚಿ ಎದ್ದ.

"ಲೈಸೆನ್ಸ್ ಎಲ್ಲಿ?"

"ಇನ್ನೂ..."

"ನಾನು ಫೋನ್ ಮಾಡಿದ್ದೆ."

ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ. ಆಮೇಲೆ ಜೇಬಿನಿಂದ ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

"ಮ್ಯಾನೇಜರ್ ಷಡಕ್ಷರಪ್ಪ ಸರ್ ಹತ್ರ ದಿನಾ ಬೈಸ್ಕೊಂಡಿದ್ದು ನಾನು," ಎಂದಳು. "ಸುಘೋಷ ಅವರದ್ದು ತಪ್ಪಿಲ್ಲ, ಕಂಪನಿಯೋರೇ ಲೇಟು ಅಂತ ವಾದ ಮಾಡಿದ್ದು ನಾನು. ಯಾಕ್ ಹೀಗ್ ಮಾಡಿದ್ರಿ?"

"ಹಾಕೋಕೆ ಐದು ನಿಮಿಷ ಸಾಕು ಮೇಡಂ. ಹಾಕಿದ್ಮೇಲೆ ನಾನಿಲ್ಲಿಗೆ ಬರೋ ಹಾಗಿಲ್ಲ." ಅವನು ನೆಲ ನೋಡುತ್ತಿದ್ದ. "ನಿಮ್ಮನ್ನ ನೋಡ್ದೆ ಇರೋಕಾಗಲ್ಲ. ಅದನ್ನ ಹೇಳೋಕೆ ಧೈರ್ಯ ಬರ್ಲಿಲ್ಲ. ಇನ್ನೆರಡು ಗಂಟೇಲಿ ಹೇಳೋಣ, ಇನ್ನೆರಡು ಗಂಟೇಲಿ ಹೇಳೋಣ ಅಂತ ತಳ್ತಾ ಬಂದೆ."

ಅವಳ ಸಿಟ್ಟು ಇಳಿಯಲಿಲ್ಲ. ಆದರೆ ಸಿಟ್ಟಿನ ಪಕ್ಕದಲ್ಲೇ ಸಂತೋಷವೊಂದು ಎದೆ ತುಂಬಿಕೊಂಡಿತು. ಯಾವುದನ್ನು ಮೊದಲು ತೋರಿಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಇಷ್ಟು ಬಳಲಿಕೆ ತನಗೋಸ್ಕರವೇ?

"ಹಾಕಿ," ಎಂದು ಪೆನ್ ಡ್ರೈವನ್ನು ಅವನ ಕಡೆಗೆ ತಳ್ಳಿದಳು.

"ಈಗ್ಲೇನಾ?"

"ಈಗ್ಲೇ. ನೆಪ ಹೇಳ್ಕೊಂಡು ಹೋಗೋರನ್ನ ನೋಡಿ ಸಾಕಾಗಿದೆ ನಂಗೆ. ನೆಪ ಹೇಳ್ಕೊಂಡು ಬರೋರೂ ಬೇಡ."

ಅವನು ಹಾಕಿದ. ಪರದೆಯ ತಲೆಯ ಮೇಲಿದ್ದ ಡೆಮೋ ಎಂಬ ಅಕ್ಷರ ಹೋಯಿತು. ಷಡಕ್ಷರಪ್ಪ ಬಂದು ನೋಡಿ, ಫರ್ನೇಸುಗಳನ್ನು ಹೊಸದಕ್ಕೆ ಒಪ್ಪಿಸಿ ಎಂದರು. ಎಲ್ಲ ಸರಿಯಾದ ಮೇಲೆ ಹಳೆಯದನ್ನು ಆರಿಸಲು ಯಾರೂ ಮುಂದೆ ಬರಲಿಲ್ಲ. ಸುಪ್ರಿಯಾಳೇ ಆರಿಸಿದಳು. ಇಷ್ಟು ವರ್ಷ ಕಿವಿಯಲ್ಲಿದ್ದ ಫ್ಯಾನಿನ ಗೊರಗೊರ ನಿಂತಿತು. ತಿರುಗಿ ನೋಡುವಷ್ಟರಲ್ಲಿ ಸುಘೋಷ ಬ್ಯಾಗ್ ಎತ್ತಿಕೊಂಡು ಹೋಗಿಯಾಗಿತ್ತು.

ಮರುದಿನ ಹೊಸದು ಒಮ್ಮೆಯೂ ನಿಲ್ಲಲಿಲ್ಲ. ಬೆಳಿಗ್ಗೆ ನಿಲ್ಲಲಿಲ್ಲ, ಮಧ್ಯಾಹ್ನವೂ ನಿಲ್ಲಲಿಲ್ಲ. ಪಕ್ಕದ ಕುರ್ಚಿ ಖಾಲಿ. ತಾನು ಅಷ್ಟು ಕಟುವಾಗಿ ಹೇಳಬಾರದಿತ್ತು ಅನ್ನಿಸಿ, ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದಳು.

ಶಿಫ್ಟ್ ಮುಗಿಯುವ ಹೊತ್ತಿಗೆ ಗೇಟಿನಿಂದ ಸೆಕ್ಯೂರಿಟಿಯ ಪರಶುರಾಮನ ಫೋನು.

"ಮೇಡಂ, ಸುಘೋಷ ಸರ್ ಬಂದಿದಾರೆ. ಏನ್ ಕೆಲಸ ಅಂದ್ರೆ ಏನೂ ಕೆಲಸ ಇಲ್ಲ ಅಂತಾರೆ. ಕೆಲಸ ಇಲ್ದೋರನ್ನ ಒಳಗ್ ಬಿಡೋ ಹಾಗಿಲ್ಲ. ಏನ್ ಮಾಡ್ಲಿ?"

ಸುಪ್ರಿಯಾ ಕುರ್ಚಿಯಿಂದ ಎದ್ದು ಬ್ಯಾಗ್ ಹೆಗಲಿಗೇರಿಸಿದಳು.

"ಬಿಡ್ಬೇಡಿ," ಎಂದಳು. "ಅಲ್ಲೇ ಕೂರಿಸಿ. ನಾನೇ ಹೊರಗ್ ಬರ್ತೀನಿ."

ಆ ಸಂಜೆ ಅವಳು ಭದ್ರಾವತಿಯ ಬಸ್ಸಿನ ಟೈಮ್ ನೋಡಲಿಲ್ಲ.