ಹೆಬ್ಬೆಟ್ಟಿನ ತುಕ್ಕು

ಸಾಯೊ ತನ್ನೊಡನೆ ಆಡಿದ ಮೊದಲ ಮಾತು ಯಾವುದೆಂದು ಯಾರಾದರೂ ಕೇಳಿದರೆ ಟೊಮೊಯಾ ಇವತ್ತಿಗೂ ಕಿವಿ ಕೆಂಪಗೆ ಮಾಡಿಕೊಳ್ಳುತ್ತಾನೆ. "ಬಾಯಿ ಮುಚ್ಚಿ" ಎಂಬುದೇ ಆ ಮಾತು.

ತಪ್ಪು ಅವನದೇ. ಜೀವಮಾನದಲ್ಲಿ ಕೊಂಡ ಮೊದಲ ಕತ್ತಿಯನ್ನು ಹೊತ್ತುಕೊಂಡು, ಯೊಶಿಯಿ ನದಿಯ ಆಚೆ ದಂಡೆಯಲ್ಲಿದ್ದ ಅವಳ ಸಾಣೆಮನೆಗೆ ಹೋಗಿದ್ದ. ಹುಮ್ಮಸ್ಸಿನಲ್ಲಿ ಒರೆಯಿಂದ ಎಳೆದು, ಅಲಗನ್ನು ಮುಖದ ಹತ್ತಿರ ಹಿಡಿದು, "ನೋಡಿ, ಮುನ್ನೂರು ವರ್ಷದ್ದಂತೆ, ಅಂಗಡಿಯವರು ಹೇಳಿದ್ರು" ಎಂದು ಶುರು ಮಾಡಿದ್ದೇ ತಡ, ತಗ್ಗು ಪೀಠದ ಮೇಲೆ ಕೂತಿದ್ದ ಹೆಂಗಸು ಒದ್ದೆ ಕೈಯೆತ್ತಿ ತಡೆದಳು.

"ಬಾಯಿ ಮುಚ್ಚಿ. ಎಂಜಲು ಹಾರುತ್ತೆ. ನಾಳೆ ಅಲ್ಲೇ ತುಕ್ಕು."

ಅವನು ಬಾಯಿ ಮುಚ್ಚಿದ. ಅವಳು ಎದ್ದು ಕೈ ಒರೆಸಿಕೊಂಡು ಕತ್ತಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡಳು, ತಲೆ ಬಾಗಿಸಿ ನಮಸ್ಕರಿಸಿದಳು. ಕತ್ತಿಗೆ, ಅವನಿಗಲ್ಲ. ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು ಬುಡದಿಂದ ತುದಿಯವರೆಗೆ ಒಂದು ಸಲ ನೋಡಿ ಒರೆಗೆ ಸೇರಿಸಿದಳು.

"ಈಗ ಮಾತಾಡಿ."

ಹೇಳಬೇಕೆಂದಿದ್ದದ್ದೆಲ್ಲ ಮರೆತುಹೋಗಿತ್ತು. "ಚೆನ್ನಾಗಿದೆಯಾ?" ಎಂದ.

"ಹಿಡಿಗೆ ಸುತ್ತಿರೋ ರೇಷ್ಮೆ ಹೊಸದು. ಒರೆಯ ಬಣ್ಣ ಹೊಸದು. ನೀವು ಕೊಂಡಿರೋದು ಬಟ್ಟೆ. ಒಳಗಿರೋನ ಮುಖ ನೋಡಿದ್ರಾ?"

"ತುಕ್ಕಿತ್ತು. ಕಾಣಿಸಲಿಲ್ಲ."

ಅವಳ ತುಟಿಯ ಒಂದು ಕೊನೆ ಮಾತ್ರ ನಕ್ಕಿತು. "ಏನು ಕೆಲಸ ನಿಮ್ಮದು?"

"ಹಲ್ಲು ಕಟ್ತೀನಿ. ಡಾಕ್ಟರ ಹತ್ತಿರದಿಂದ ಅಳತೆ ಬರುತ್ತೆ, ನಾನು ಹಲ್ಲಿನ ಸೆಟ್ ಮಾಡಿ ಕಳಿಸ್ತೀನಿ."

"ಹಾಗಾದ್ರೆ ಉಜ್ಜೋದು ಗೊತ್ತು ಅನ್ನಿ."

"ಹಲ್ಲು ಉಜ್ಜೋದು ಗೊತ್ತು."

ಈ ಸಲ ತುಟಿಯ ಎರಡೂ ಕೊನೆ ನಕ್ಕವು. ಟೊಮೊಯಾಗೆ ಮೂವತ್ತಾರು ವರ್ಷ. ಯಾರನ್ನೂ ಇಷ್ಟು ಬೇಗ ನಗಿಸಿದ ನೆನಪು ಅವನಿಗಿರಲಿಲ್ಲ. ಆ ನಗು ಇನ್ನೊಮ್ಮೆ ಬೇಕೆನಿಸಿತು, ಮುಂದಿನ ಅಷ್ಟೂ ಫಜೀತಿಗೆ ಮೂಲ ಅದೇ.

ತುಕ್ಕು ಮೇಲುಮೇಲಿನದು, ಸಾಣೆ ಹಿಡಿದರೆ ಹೋಗುತ್ತದೆ ಎಂದು ಸಾಯೊ ಕತ್ತಿಯನ್ನು ಇಟ್ಟುಕೊಂಡಳು. ಯಾವಾಗ ಆಗುತ್ತದೆ ಎಂದರೆ "ಹೇಳೋಕಾಗಲ್ಲ" ಎಂದಳು. ಅಪ್ಪನಿಂದ ಕಲಿತ ಕಸುಬು, ಅಪ್ಪ ಹೋದ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಗೋಡೆಯುದ್ದಕ್ಕೂ ಸರದಿಗೆ ಕಾಯುವ ಕತ್ತಿಗಳಿದ್ದವು. ಹಾಗಾಗಿ ಟೊಮೊಯಾ ಶನಿವಾರ ಬಿಟ್ಟು ಶನಿವಾರ ಹೋಗಿ "ಆಯ್ತಾ?" ಎಂದು ಕೇಳತೊಡಗಿದ. ಕೇಳಲು ಒಂದು ನಿಮಿಷ ಸಾಕು. ಅವನು ಎರಡು ಗಂಟೆ ಇರುತ್ತಿದ್ದ.

ಅವಳು ಕೆಲಸ ನಿಲ್ಲಿಸುತ್ತಿರಲಿಲ್ಲ. ಬಲಗಾಲಿನಿಂದ ಮರದ ತುಂಡನ್ನು ಒತ್ತಿ ಕಲ್ಲನ್ನು ಅಲುಗದಂತೆ ಹಿಡಿದು, ಅಲಗನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯುವಾಗ ಕೂದಲೊಂದು ಜಾರಿ ಕೆನ್ನೆಗೆ ಬರುತ್ತಿತ್ತು. ಬೆರಳೆಲ್ಲ ಕಪ್ಪು ಕೆಸರು, ಅದಕ್ಕೇ ಮಣಿಕಟ್ಟಿನಿಂದ ಅದನ್ನು ಕಿವಿಯ ಹಿಂದಕ್ಕೆ ತಳ್ಳುತ್ತಿದ್ದಳು. ಅದು ಮತ್ತೆ ಜಾರುತ್ತಿತ್ತು. ಜಾರಲಿ ಎಂದು ಟೊಮೊಯಾ ಕಾಯುತ್ತಿದ್ದ. ಒಮ್ಮೆ ಅವಳು ಕಣ್ಣೆತ್ತದೆಯೇ ಕೇಳಿದಳು.

"ಕತ್ತಿ ನೋಡೋಕೆ ಬಂದ್ರಾ, ಮತ್ತೇನಾದ್ರೂ ನೋಡ್ತಾ ಇದೀರಾ?"

"ಕತ್ತಿ."

"ಕತ್ತಿ ಕೆಳಗಿದೆ. ನಿಮ್ಮ ಕಣ್ಣು ಮೇಲಿದೆ."

ಅವನು ಬಾರ್ಲಿ ಚಹಾದ ಲೋಟದೊಳಗೆ ಮುಖ ಹುದುಗಿಸಿದ.

ಕಲಿಸಿದಳು ಕೂಡ. ಅಲಗನ್ನು ನೋಡುವಾಗ ಬೆಳಕಿಗೆ ಎದುರಾಗಿ ಸ್ವಲ್ಪ ಸ್ವಲ್ಪವೇ ಓರೆ ಮಾಡಬೇಕು, ಆಗ ಉಕ್ಕಿನಲ್ಲಿ ಮರದ ಹಲಗೆಯಲ್ಲಿರುವಂತೆ ಎಳೆಗಳು ಕಾಣುತ್ತವೆ. ಈ ನದಿಯ ದಂಡೆಯಲ್ಲಿ ಹುಟ್ಟಿದ ಹಳೆಯ ಕತ್ತಿಗಳಲ್ಲಿ ಆ ಎಳೆಗಳ ಮೇಲೊಂದು ಮಂಜಿನಂಥ ನೆರಳು ತೇಲುತ್ತದೆ. "ಹುಡುಕಬೇಡಿ. ಸುಮ್ಮನೆ ಓರೆ ಮಾಡ್ತಾ ಇರಿ, ಅದಾಗೇ ಬರುತ್ತೆ" ಎಂದಳು. ಅವನಿಗೆ ಬರಲಿಲ್ಲ. ಸುಮ್ಮನೆ "ಹಾಂ, ಬಂತು" ಎಂದ. "ಸುಳ್ಳು" ಎಂದಳು, ಬೇಸರವಿಲ್ಲದೆ.

ಒಂದು ಮಾತು ಮಾತ್ರ ನಗದೆ ಹೇಳಿದ್ದಳು. "ಪ್ರತಿ ಸಾಣೆಗೂ ಕತ್ತಿ ಒಂದಿಷ್ಟು ಸವೆಯುತ್ತೆ. ಸವೆದಿದ್ದು ವಾಪಸ್ ಬರಲ್ಲ. ಅದಕ್ಕೇ ಬೇಡದಿದ್ದಾಗ ಕಲ್ಲಿಗೆ ಮುಟ್ಟಿಸಬಾರದು ಅಂತ ಅಪ್ಪ ಕೊನೇವರೆಗೂ ಹೇಳ್ತಿದ್ರು."

ಐದು ತಿಂಗಳಾದ ಮೇಲೆ ಮೊದಲ ಕತ್ತಿ ಕೈಗೆ ಬಂತು. ಥಳಥಳಿಸುತ್ತಿತ್ತು. ಟೊಮೊಯಾಗೆ ಅಳು ಬರುವಂತಾಯಿತು, ಸಂತೋಷಕ್ಕಲ್ಲ. ಇನ್ನು ಯಾವ ನೆಪದಲ್ಲಿ ಬರುವುದು?

ನೆಪಗಳು ನಿಶಿಗಾಕಿಯವರ ಅಂಗಡಿಯಲ್ಲಿದ್ದವು. ನಿಶಿಗಾಕಿ ಎಪ್ಪತ್ತು ದಾಟಿದ ಕತ್ತಿ ವ್ಯಾಪಾರಿ, ಮೊದಲ ಕತ್ತಿ ಮಾರಿದ್ದೂ ಅವರೇ. "ಮೊದಲು ಪುಸ್ತಕ ಕೊಂಡ್ಕೋ ಅಂತ ಹೇಳಿದ್ದೆ, ಕೇಳಲಿಲ್ಲ. ಬಟ್ಟೆ ನೋಡಿ ಕೊಳ್ಳೋರಿಗೆ ಬಟ್ಟೇನೇ ಮಾರೋದು ನಾನು" ಎಂದು ಎದುರಿಗೇ ಹೇಳುವ ಮನುಷ್ಯ. ಈಗ ಟೊಮೊಯಾ ಬಟ್ಟೆಯ ಕಡೆ ನೋಡುತ್ತಿರಲಿಲ್ಲ. ಮೂಲೆಯ ಪೀಪಾಯಿಯಲ್ಲಿ ತುಕ್ಕು ಹಿಡಿದ ಅಲಗುಗಳಿದ್ದವು, ನೇರ ಅಲ್ಲಿಗೆ ಹೋಗುತ್ತಿದ್ದ. ಚಳಿಗಾಲಕ್ಕೊಂದು, ವಸಂತಕ್ಕೊಂದು ಕೊಂಡ. ಎರಡಕ್ಕೂ ಸಾಣೆ ಬೇಕಾಗಿತ್ತು. ಎರಡಕ್ಕೂ ಸಾಯೊ "ಹೇಳೋಕಾಗಲ್ಲ" ಎಂದಳು. ಶನಿವಾರಗಳು ಸುಖವಾಗಿ ಸಾಗಿದವು.

ಜೂನ್‌ನಲ್ಲಿ ನಿಶಿಗಾಕಿ ಒಂದು ರೇಷ್ಮೆ ಚೀಲ ಬಿಚ್ಚಿ ಮೊಳದುದ್ದದ ಕತ್ತಿಯೊಂದನ್ನು ಅವನ ಮುಂದಿಟ್ಟರು. "ಪೀಪಾಯಿ ಬಿಡಪ್ಪ. ಇದನ್ನ ನೋಡು. ಮಾಡಿದವನ ಹೆಸರಿಲ್ಲ, ಅದಕ್ಕೇ ಯಾರೂ ಕೇಳಲ್ಲ."

ಟೊಮೊಯಾ ನಮಸ್ಕರಿಸಿ, ಉಸಿರು ಬಿಗಿಹಿಡಿದು, ಬೆಳಕಿಗೆ ಎದುರಾಗಿ ಓರೆ ಮಾಡಿದ. ಉಕ್ಕಿನ ಎಳೆಗಳ ಮೇಲೆ ಮಂಜು ತೇಲಿಬಂತು. ಹುಡುಕಿರಲಿಲ್ಲ, ತಾನಾಗೇ ಬಂತು. ಅವನ ಮುಖ ನೋಡಿ ನಿಶಿಗಾಕಿ "ಹೂಂ. ಕಣ್ಣು ಬಂತು ನಿನಗೆ" ಎಂದರು. ಅದು ಆರುನೂರು ವರ್ಷದ ಕತ್ತಿ. ಕೊಳ್ಳದೆ ಇರಲಾಗಲಿಲ್ಲ.

ಮನೆಗೆ ಬಂದು ಮೇಜಿನ ಮೇಲಿಟ್ಟುಕೊಂಡು ನೋಡುತ್ತ ಕೂತ. ಎಲ್ಲಿಯೂ ಒಂದು ಚುಕ್ಕೆಯಿಲ್ಲ. ಹಿಂದೆ ಯಾರೋ ಬಲ್ಲವರು ಸಾಣೆ ಹಿಡಿದು ಜೋಪಾನ ಮಾಡಿದ್ದರು. ಸಾಯೊ ಮಾಡಬೇಕಾದ್ದು ಏನೂ ಇರಲಿಲ್ಲ. ವಸಂತದ ಕತ್ತಿಯೂ ಹಿಂದಿನ ವಾರವೇ ವಾಪಸು ಬಂದಿತ್ತು. ಹೊರಗೆ ಮಳೆಗಾಲ ಶುರುವಾಗಿ ಗೋಡೆಗಳೆಲ್ಲ ಬೆವರುತ್ತಿದ್ದವು. ಟೊಮೊಯಾ ಒಳ್ಳೆಯವನೇ, ಆದರೆ ಪ್ರೀತಿಯಲ್ಲಿ ಬಿದ್ದ ಒಳ್ಳೆಯವರು ಕೆಲವೊಮ್ಮೆ ಬುದ್ಧಿ ಅಡವಿಟ್ಟು ಕೂರುತ್ತಾರೆ. ಅವನು ಅಲಗಿನ ಎಣ್ಣೆ ಒರೆಸಿ, ಬೆವರಿದ ಬಲಗೈ ಹೆಬ್ಬೆಟ್ಟನ್ನು ಅದರ ಮೇಲೆ ಒತ್ತಿದ. ಮೂರು ಉಸಿರಿನಷ್ಟು ಹೊತ್ತು ಒತ್ತಿಯೇ ಹಿಡಿದಿದ್ದ.

ಮೂರನೆಯ ವಾರಕ್ಕೆ ಅಲ್ಲಿ ಕೆಂಪು ಮೂಡಿತು. ಕತ್ತಿಯನ್ನು ಸಾಣೆಮನೆಗೆ ತೆಗೆದುಕೊಂಡು ಹೋದ.

ಸಾಯೊ ಕತ್ತಿಯನ್ನು ಕಿಟಕಿಗೆ ಹಿಡಿದಳು. ಮೊದಲು ಅವಳ ಹುಬ್ಬು ಮೇಲೇರಿತು, ಕಣ್ಣಲ್ಲಿ ಬೆಳಕು ಬಂತು. ಅಂಥ ಕತ್ತಿಯನ್ನು ಅವನು ಆರಿಸಿದನೆಂಬ ಸಂತೋಷ ಅದು, ಅವನಿಗೂ ಗೊತ್ತಾಯಿತು. ಆಮೇಲೆ ಇನ್ನೊಂದು ಬದಿ ತಿರುಗಿಸಿದಳು. ಬೆಳಕು ಆರಿಹೋಯಿತು. ಕತ್ತಿಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಮಲಗಿಸಿ ದೂರ ಸರಿದಳು.

"ಯಾರು ಮುಟ್ಟಿದ್ದು?"

"ಅಂಗಡಿಯಲ್ಲಿ ಯಾರೋ..."

"ನಿಶಿಗಾಕಿ ಅವರ ಅಂಗಡಿಯಲ್ಲಾ? ಐವತ್ತು ವರ್ಷದಲ್ಲಿ ಅಲ್ಲಿ ಯಾರೂ ಬರಿಗೈಯಲ್ಲಿ ಅಲಗು ಮುಟ್ಟಿಲ್ಲ. ಕೈ ಕೊಡಿ."

ಅವನ ಬಲಗೈಯನ್ನು ಅವಳೇ ಹಿಡಿದು ಕಿಟಕಿಯ ಬಳಿಗೆ ಎಳೆದಳು. ಒಂದು ವರ್ಷದಿಂದ ಆ ಕೈ ತಾಗಬಹುದೇ ಎಂದು ಕಾದಿದ್ದ. ಈಗ ಅವಳು ಅವನ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು, ಅದರ ಸುತ್ತುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ನೋಡಿ ಕೈ ಬಿಟ್ಟಳು.

"ಯಾಕೆ?"

"ಇಲ್ಲಿಗೆ ಬರೋಕೆ."

ಅವಳು ಪೀಠಕ್ಕೆ ಹೋಗಿ ಕೂತಳು. ಉಗುರಿನಷ್ಟು ತೆಳ್ಳಗಿನ ಕಲ್ಲಿನ ಚೂರನ್ನು ಹೆಬ್ಬೆರಳಿನ ಕೆಳಗಿಟ್ಟುಕೊಂಡು, ಇನ್ನೂ ಹಬ್ಬುತ್ತಿದ್ದ ಕೆಂಪು ತುಕ್ಕನ್ನಷ್ಟೇ ನಿಧಾನವಾಗಿ ಉಜ್ಜಿ ತೆಗೆದಳು. ಎಣ್ಣೆ ಹಚ್ಚಿ, ಒರೆಗೆ ಸೇರಿಸಿ, ಎರಡು ಕೈಯಲ್ಲಿ ಅವನಿಗೆ ಕೊಟ್ಟಳು.

"ಇನ್ನು ಹಬ್ಬಲ್ಲ. ಆದ್ರೆ ಗುರುತು ಹೋಗಲ್ಲ. ಅದು ಹೋಗಬೇಕು ಅಂದ್ರೆ ಆ ಬದಿ ಪೂರ್ತಿ ಸಾಣೆ ಹಿಡೀಬೇಕು. ಆರುನೂರು ವರ್ಷ ಎಷ್ಟು ಜನ ಉಸಿರು ಹಿಡಿದು ಇದನ್ನ ಕಾಪಾಡಿದಾರೆ, ಲೆಕ್ಕ ಇದೆಯಾ? ನಿಮ್ಮ ಒಂದು ಹೆಬ್ಬೆಟ್ಟಿಗೋಸ್ಕರ ನಾನು ಇದನ್ನ ಸವೆಸಲ್ಲ. ತಿಂಗಳಿಗೊಂದು ಸಲ ಎಣ್ಣೆ ಹಾಕಿ. ಹಾಕುವಾಗ ಅದನ್ನ ನೋಡಿ."

"ಮತ್ತೆ ನಾನು..."

"ಮತ್ತೆ ಬರಬೇಡಿ."

ಅವನು ಮತ್ತೆ ಅಲ್ಲಿಗೆ ಹೋಗಲಿಲ್ಲ. ತಿಂಗಳ ಮೊದಲ ಭಾನುವಾರ ಕಿಟಕಿಯ ಪಕ್ಕ ಕೂತು ಹಳೆಯ ಎಣ್ಣೆ ಒರೆಸುತ್ತಿದ್ದ, ಲವಂಗದ ವಾಸನೆಯ ಹೊಸ ಎಣ್ಣೆಯನ್ನು ಒಂದು ಪದರ ಹಚ್ಚುತ್ತಿದ್ದ. ಉಗುರಗಲದ ಬೂದು ಗುರುತು ಅಲ್ಲೇ ಇರುತ್ತಿತ್ತು. ಮೊದಮೊದಲು ಅದನ್ನು ನೋಡಿದರೆ ಸಾಯೊ ನೆನಪಾಗಿ ನೋವಾಗುತ್ತಿತ್ತು. ಬರಬರುತ್ತ ಕತ್ತಿಗಾಗಿಯೇ ನೋವಾಗತೊಡಗಿತು. ತುಕ್ಕಿನ ಪೀಪಾಯಿಯ ಕಡೆ ಅವನು ಮತ್ತೆ ಹೋಗಲಿಲ್ಲ. ನಿಶಿಗಾಕಿ ತೋರಿಸಿದ್ದನ್ನು ನೋಡುತ್ತಿದ್ದ, ಅವರು ಹೇಳಿದ ಪುಸ್ತಕ ಓದುತ್ತಿದ್ದ, ಏನನ್ನೂ ಕೊಳ್ಳುತ್ತಿರಲಿಲ್ಲ. ಕಲಿಯುವುದು ಬರೀ ಅವಳಿಗಾಗಿ ಆಗಿರಲಿಲ್ಲ ಎಂದು ಅವನಿಗೆ ತಿಳಿದದ್ದು ಆಗಲೇ. ಅವಳಿಲ್ಲದೆಯೂ ಅದು ಹಿತವಾಗಿತ್ತು. ಅವಳಿದ್ದಿದ್ದರೆ ಇನ್ನೂ ಹಿತವಾಗಿರುತ್ತಿತ್ತು.

ಪೀಚ್ ಮರಗಳು ಹೂಬಿಟ್ಟ ವಾರ ನಿಶಿಗಾಕಿ ಚಹಾ ಕುಡಿಯುತ್ತ ಗೊಣಗಿದರು.

"ಆ ಸಾಣೆಯವಳು ತಿಂಗಳಿಗೊಂದು ಸಲ ಬಂದು ತಲೆ ತಿಂತಾಳಪ್ಪ. ತುಕ್ಕು ಹಬ್ಬಿದೆಯಾ, ತುಕ್ಕು ಹಬ್ಬಿದೆಯಾ. ಕತ್ತಿ ನನ್ನ ಹತ್ತಿರ ಇದೆಯಾ? ನಾನೇನು ಅಂಚೆಯವನಾ? ನೀನೇ ಹೋಗಿ ಹೇಳು."

"ಬರಬೇಡಿ ಅಂದಿದಾರೆ."

"ಯಾವಾಗ?"

"ಹೋದ ವರ್ಷ."

"ಹೋದ ವರ್ಷದ ಮಾತಿಗೆ ಈ ವರ್ಷವೂ ಕೂತಿದೀಯಲ್ಲ, ಹಲ್ಲು ಕಟ್ಟೋನೇ. ಎದ್ದೇಳು."

ಟೊಮೊಯಾ ಸೀದಾ ಅಲ್ಲಿಂದಲೇ ಹೋದ, ಬರಿಗೈಯಲ್ಲಿ. ಕತ್ತಿ ತರಲು ಮನೆಗೆ ಹೋದರೆ ಧೈರ್ಯ ದಾರಿಯಲ್ಲೇ ಇಳಿದುಹೋದೀತು ಎಂಬುದು ಒಂದು. ಕತ್ತಿ ಹಿಡಿದು ನಿಂತರೆ ಮತ್ತೆ ನೆಪವಾಗುತ್ತದೆ ಎಂಬುದು ಇನ್ನೊಂದು.

ಸಾಯೊ ಕಲ್ಲುಗಳನ್ನು ತೊಳೆಯುತ್ತಿದ್ದಳು. ಅವನನ್ನು ಕಂಡು ಕೈ ನಿಲ್ಲಿಸಿದಳು. ಮೊದಲು ಅವನ ಕೈ ನೋಡಿದಳು, ಆಮೇಲೆ ಮುಖ.

"ಕತ್ತಿ ಎಲ್ಲಿ?"

"ಮನೇಲಿದೆ. ತುಕ್ಕು ಹಬ್ಬಿಲ್ಲ."

"ಮತ್ತೆ?"

"ಕೆಲಸ ಏನೂ ತಂದಿಲ್ಲ. ಇನ್ನು ತರೋದೂ ಇಲ್ಲ. ನಿಮ್ಮನ್ನ ನೋಡೋಕೆ ಬಂದೆ. ನನಗೆ ನೀವಂದ್ರೆ ಇಷ್ಟ, ಸಾಯೊ ಅವರೇ. ಇದನ್ನ ಮೊದಲ ಸಲವೇ ಹೇಳಿದ್ರೆ ಯಾವ ಕತ್ತಿಗೂ ಏನೂ ಆಗ್ತಿರಲಿಲ್ಲ. ಹೇಳೋದು ಇಷ್ಟೇ. ಹೋಗು ಅಂದ್ರೆ ಹೋಗ್ತೀನಿ."

ಅವಳು ಕೈಯಲ್ಲಿದ್ದ ಕಲ್ಲನ್ನು ಮತ್ತೊಮ್ಮೆ ತೊಳೆದಳು. ಆಗಲೇ ತೊಳೆದಾಗಿತ್ತು ಅದು.

"ನಿಮ್ಮ ಮೊದಲನೇ ಕತ್ತಿ ಇತ್ತಲ್ಲ," ಎಂದಳು. "ಇಪ್ಪತ್ತು ದಿನದ ಕೆಲಸ."

"ಐದು ತಿಂಗಳು ಆಯ್ತಲ್ಲ?"

"ಹೂಂ. ನಾಲ್ಕು ತಿಂಗಳು ಅದು ಆ ಬೀರುವಿನಲ್ಲಿ ತಯಾರಾಗಿ ಕೂತಿತ್ತು. ನೀವು ಬಂದು ಆಯ್ತಾ ಅಂತ ಕೇಳಿದಾಗೆಲ್ಲ ಇಲ್ಲ ಅಂದೆ. ಉಳಿದೆರಡೂ ಹಾಗೇ." ಅವಳ ಕಿವಿಯೂ ಕೆಂಪಾಗಿತ್ತು. "ಮೋಸ ನಾನೂ ಮಾಡಿದೀನಿ. ಆದ್ರೆ ಕತ್ತಿಗೆ ನೋವಾಗದ ಹಾಗೆ ಮಾಡಿದೆ. ಅದಕ್ಕೇ ಅಷ್ಟು ಸಿಟ್ಟು ಬಂತು. ಇವನಿಗೆ ಬೇರೆ ನೆಪ ಸಿಗಲಿಲ್ವಾ ಅಂತ."

ಅವಳು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಕಿಟಕಿ ಮುಚ್ಚಿ, ಚಪ್ಪಲಿ ಮೆಟ್ಟಿದಳು.

"ನಡೀರಿ."

"ಎಲ್ಲಿಗೆ?"

"ನಿಮ್ಮನೆಗೆ. ತುಕ್ಕು ಹಬ್ಬಿಲ್ಲ ಅನ್ನೋದನ್ನ ನನ್ನ ಕಣ್ಣಲ್ಲೇ ನೋಡಬೇಕು."

"ಇಲ್ಲಿಗೇ ತಂದುಬಿಡ್ತೀನಿ."

"ತಂದ್ರೆ ಮತ್ತೆ ಗಿರಾಕಿ ಆಗ್ತೀರಿ. ಬೇಡ."

ಸೇತುವೆಯ ಮೇಲೆ ಅಕ್ಕಪಕ್ಕ ನಡೆದರು. ಗಾಳಿಗೆ ಆ ಕೂದಲು ಜಾರಿತು. ಈಗ ಬೆರಳು ಶುಭ್ರವಾಗಿದ್ದರೂ ಅವಳು ಅದನ್ನು ಹಾಗೇ ಬಿಟ್ಟಳು. ಅರ್ಧ ಸೇತುವೆ ದಾಟಿದ ಮೇಲೆ ಟೊಮೊಯಾ ಕೇಳಿದ. "ಆ ಗುರುತು ಯಾವತ್ತಾದ್ರೂ ಹೋಗುತ್ತಾ?"

"ನೂರೋ ಇನ್ನೂರೋ ವರ್ಷಕ್ಕೆ ಅದಕ್ಕೆ ನಿಜವಾಗಿಯೂ ಸಾಣೆ ಬೇಕಾಗುತ್ತೆ. ಆಗ ಯಾರಾದ್ರೂ ತೆಗೀತಾರೆ. ಯಾವ ದಡ್ಡ ಇಂಥ ಕತ್ತಿಗೆ ಹೆಬ್ಬೆಟ್ಟು ಒತ್ತಿದ್ದು ಅಂತ ಬೈಕೊಂಡು ತೆಗೀತಾರೆ."

"ಬೈಯಲಿ."

"ಬೈಯಲಿ ಬಿಡಿ," ಎಂದು ಸಾಯೊ ಅವನ ಬಲಗೈಯನ್ನು ಹಿಡಿದುಕೊಂಡಳು. "ಆಗ ಅವರಿಗೇನು ಗೊತ್ತಿರುತ್ತೆ, ನಾವು ಮದುವೆಯಾದ ಕಥೆ."